ವೃಷಣಗಳು ಒಂದು ಮೇಲೆ, ಒಂದು ಕೆಳಗೆ: ಯಾವುದು ಸಹಜ, ಯಾವುದನ್ನು ತೋರಿಸಬೇಕು?

ಪ್ರಶ್ನೆ: ಮೈದಾನದ ಮಾಸ್ತರ

ಸೈನ್ಯ ಮತ್ತು ಪೊಲೀಸ್ ಭರ್ತಿಗೆ ತಯಾರಾಗುವ 17ರಿಂದ 21 ವರ್ಷದ ಹುಡುಗರಿಗೆ ಓಟ, ಉದ್ದ ಜಿಗಿತ ಕಲಿಸುವ ಕಡೆಯಿಂದ ಈ ಪ್ರಶ್ನೆ. ಭರ್ತಿಯ ಮೆಡಿಕಲ್‌ನಲ್ಲಿ ಹರ್ನಿಯಾ, ಹೈಡ್ರೋಸೀಲ್, ವೆರಿಕೋಸೀಲ್, ಇಳಿಯದ ವೃಷಣ ಇವನ್ನೆಲ್ಲ ನೋಡುತ್ತಾರೆಂದು ಹುಡುಗರಿಗೆ ಗೊತ್ತು. ಹಾಗಾಗಿ ತಾರೀಖು ಹತ್ತಿರ ಬಂದ ಹಾಗೆ ಒಬ್ಬೊಬ್ಬರೇ ಬದಿಗೆ ಕರೆದು ಕೇಳುತ್ತಾರೆ: "ಒಂದ ಬೀಜ ಕೆಳಗ ಜೋತಬಿದ್ದೈತ್ರಿ, ರಿಜೆಕ್ಟ್ ಮಾಡ್ತಾರೇನ್ರಿ ಸರ್?"

ಯೂಟ್ಯೂಬ್‌ನಲ್ಲಿ ಉತ್ತರಗಳಿಗೆ ಬರವಿಲ್ಲ, ಆದರೆ ಅರ್ಧಕ್ಕರ್ಧ ಎಣ್ಣೆ, ಪುಡಿ ಮಾರುವವರವು. ಗೊತ್ತಿದ್ದವರು ಇಷ್ಟನ್ನು ಬಿಡಿಸಿ ಹೇಳಿ. ಎಡಗಡೆಯದು ಬಲಗಡೆಯದಕ್ಕಿಂತ ಕೆಳಗಿದ್ದರೆ ಎಷ್ಟರವರೆಗೆ ಸಹಜ? ಬಲಗಡೆಯದೇ ಕೆಳಗಿದ್ದರೆ ಏನರ್ಥ? ಚಳಿಗಾಲದ ಬೆಳಗಿನ ಓಟದಲ್ಲಿ ಒಂದು ಕಡೆಯದು ತೊಡೆಸಂದಿಗೆ ಏರಿ ಕೂತು, ಬಿಸಿನೀರಿನ ಸ್ನಾನವಾದ ಮೇಲೆ ಇಳಿಯುತ್ತದೆ ಎನ್ನುವ ಹುಡುಗನಿಗೆ ಏನು ಹೇಳಬೇಕು? ಕೊನೆಯದಾಗಿ, ಇದರಲ್ಲಿ ಯಾವುದನ್ನು ಮುಂದಿನ ವಾರ ತೋರಿಸಿದರೂ ನಡೆಯುತ್ತದೆ, ಯಾವುದಕ್ಕೆ ನಿಂತ ಕಾಲಲ್ಲೇ ಆಸ್ಪತ್ರೆಗೆ ಓಡಬೇಕು?

ಉತ್ತರ: ಯೂರಾಲಜಿ ಒಪಿಡಿ

ಮಾಸ್ತರೆ, ಎರಡೂ ಒಂದೇ ಮಟ್ಟದಲ್ಲಿರುವ ಗಂಡಸರೇ ಕಡಿಮೆ. ಹೆಚ್ಚಿನವರಲ್ಲಿ ಎಡಗಡೆಯದು ಕೆಳಗಿರುತ್ತದೆ. ಭಾರಕ್ಕೆ ಜೋತುಬಿದ್ದಿದೆ ಎಂದು ಹುಡುಗರು ತಿಳಿಯುತ್ತಾರೆ, ಅದು ಹಾಗಲ್ಲ. ಸಾಮಾನ್ಯವಾಗಿ ಬಲಗಡೆಯದೇ ತುಸು ದೊಡ್ಡದು. ಪ್ರಾಚೀನ ಗ್ರೀಕ್ ಶಿಲ್ಪಿಗಳೂ ಇಲ್ಲೇ ಎಡವಿದ್ದರು: ಎಡಗಡೆಯದನ್ನು ಕೆಳಗೆ ಕೆತ್ತಿದ್ದು ಸರಿ, ಜೊತೆಗೆ ಅದನ್ನೇ ದೊಡ್ಡದಾಗಿಯೂ ಕೆತ್ತಿಬಿಟ್ಟರು. ಕ್ರಿಸ್ ಮ್ಯಾಕ್‌ಮ್ಯಾನಸ್ ಎಂಬ ಬ್ರಿಟಿಷ್ ಸಂಶೋಧಕ 1976ರಲ್ಲಿ ಇದನ್ನೇ ಲೆಕ್ಕಹಾಕಿ 'ನೇಚರ್' ಪತ್ರಿಕೆಯಲ್ಲಿ ಬರೆದರು.

ವೃಷಣ ತೂಗುವುದು ಒಂದು ಹುರಿಯಿಂದ. ಆ ಹುರಿಯೊಳಗೆ ರಕ್ತನಾಳಗಳು, ವೀರ್ಯನಾಳ, ನರಗಳು ಇರುತ್ತವೆ. ಸುತ್ತ ಕ್ರೆಮಾಸ್ಟರ್ ಎಂಬ ತೆಳು ಸ್ನಾಯು. ಎಡಗಡೆಯ ಹುರಿ ಹೆಚ್ಚಿನವರಲ್ಲಿ ಸ್ವಲ್ಪ ಉದ್ದ. ಕ್ರೆಮಾಸ್ಟರ್ ಬಿಗಿದರೆ ವೃಷಣ ಏರುತ್ತದೆ, ಸಡಿಲಾದರೆ ಇಳಿಯುತ್ತದೆ. ಚೀಲದ ಚರ್ಮದೊಳಗೆ ಇನ್ನೊಂದು ಸ್ನಾಯುವಿನ ಪದರ ಇದೆ, ಡಾರ್ಟೋಸ್ ಅಂತ. ಚಳಿಗೆ ಚರ್ಮ ಸುಕ್ಕಾಗುವುದು ಅದರಿಂದ. ಮೈಯೊಳಗಿನ ಶಾಖಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಇದ್ದರೆ ವೀರ್ಯಾಣು ಸರಿಯಾಗಿ ತಯಾರಾಗುತ್ತವೆ, ಹಾಗಾಗಿ ಈ ಏರಿಳಿತ ದಿನವಿಡೀ ನಡೆದೇ ಇರುತ್ತದೆ. ಬೆಳಿಗ್ಗೆ ನೋಡಿದ ಮಟ್ಟ ಮಧ್ಯಾಹ್ನಕ್ಕೆ ಇರುವುದಿಲ್ಲ. "ಇಷ್ಟು ಸೆಂಟಿಮೀಟರ್ ದಾಟಿದರೆ ಕಾಯಿಲೆ" ಎಂಬ ಗೆರೆ ಎಲ್ಲೂ ಎಳೆದಿಲ್ಲ. ಬಲಗಡೆಯದು ಕೆಳಗಿರುವವರು ಕಡಿಮೆ, ಆದರೆ ಹುಟ್ಟಿದಾಗಿನಿಂದ ಹಾಗೇ ಇದ್ದರೆ ಅದೂ ಸಹಜವೇ.

ನಾವು ಅಳೆಯುವುದು ಮಟ್ಟವನ್ನಲ್ಲ. ಕೇಳುವುದು ಮೂರು: ಯಾವಾಗಿನಿಂದ ಹೀಗಿದೆ, ಗಾತ್ರ ಅಥವಾ ಗಟ್ಟಿತನ ಬದಲಾಗಿದೆಯೇ, ನೋವಿದೆಯೇ. ಕೆಳಗೆ ಜೋತಿರುವುದಕ್ಕಿಂತ ಮೇಲಕ್ಕೆ ಏರಿರುವುದನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಿ.

ಪರೀಕ್ಷೆ ಹೀಗೆ ಮಾಡಬೇಕು. ಬೆಚ್ಚಗಿನ ಕೋಣೆಯಲ್ಲಿ, ಸ್ನಾನವಾದ ಮೇಲೆ ಆದರೆ ಇನ್ನೂ ಒಳ್ಳೆಯದು, ನಿಂತುಕೊಂಡು. ಹೆಬ್ಬೆರಳು ಮೇಲೆ, ತೋರುಬೆರಳು-ನಡುಬೆರಳು ಕೆಳಗೆ ಇಟ್ಟು ಒಂದೊಂದನ್ನೇ ಮೆಲ್ಲಗೆ ಉರುಳಿಸಿ ನೋಡಬೇಕು. ದೊಡ್ಡವರಲ್ಲಿ ಉದ್ದ 4ರಿಂದ 5 ಸೆಂಟಿಮೀಟರ್, ಮೇಲ್ಮೈ ನುಣುಪು, ಒತ್ತಿದರೆ ತುಸು ಬಗ್ಗುವಂತಿರುತ್ತದೆ. ಹಿಂಬದಿಯಲ್ಲಿ ಮೇಲಿಂದ ಕೆಳಕ್ಕೆ ಒಂದು ಮೆತ್ತನೆಯ ಏಣು ಸಿಗುತ್ತದೆ, ಅದು ಎಪಿಡಿಡಿಮಿಸ್. ಅದನ್ನೇ ಗಡ್ಡೆ ಎಂದುಕೊಂಡು ಒಪಿಡಿಗೆ ಬರುವ ಹುಡುಗರು ಬಹಳ. ಗಡ್ಡೆ ಇದ್ದರೆ ಅದು ವೃಷಣದ ಮೈಯಲ್ಲೇ, ಕಲ್ಲಿನಂತೆ ಗಟ್ಟಿಯಾಗಿ ಸಿಗುತ್ತದೆ. ಆಮೇಲೆ ಕೆಮ್ಮಿಸಿ ತೊಡೆಸಂದಿನಲ್ಲಿ ಉಬ್ಬು ಬರುತ್ತದೆಯೇ ನೋಡಬೇಕು. ಮುಂದೆ ಉಸಿರು ಬಿಗಿಹಿಡಿದು ಮುಕ್ಕಿಸಬೇಕು. ಕೊನೆಗೆ ಮಲಗಿಸಿ ಮತ್ತೊಮ್ಮೆ.

ಈ ಮುಕ್ಕಿಸುವುದು, ಮಲಗಿಸುವುದು ಯಾಕೆಂದರೆ ಈ ವಯಸ್ಸಿನವರಲ್ಲಿ ಎಡಗಡೆ ಕೆಳಗಿಳಿಯಲು ಸಿಗುವ ದೊಡ್ಡ ಕಾರಣ ವೆರಿಕೋಸೀಲ್, ಅಂದರೆ ಹುರಿಯ ಸುತ್ತಲಿನ ರಕ್ತನಾಳಗಳು ಊದಿಕೊಳ್ಳುವುದು. ಸುಮಾರು 15% ಗಂಡಸರಲ್ಲಿ ಇರುತ್ತದೆ, ಅದರಲ್ಲೂ ಬಹುಪಾಲು ಎಡಕ್ಕೇ. ಬಲ ವೃಷಣದ ಅಭಿಧಮನಿ ಹೊಟ್ಟೆಯ ದೊಡ್ಡ ಅಭಿಧಮನಿಗೆ ಓರೆಯಾಗಿ ನೇರ ಸೇರುತ್ತದೆ. ಎಡಗಡೆಯದು ಇನ್ನೂ ಮೇಲೆ ಹೋಗಿ ಎಡ ಮೂತ್ರಪಿಂಡದ ಅಭಿಧಮನಿಗೆ ಲಂಬಕೋನದಲ್ಲಿ ಸೇರುತ್ತದೆ. ದಾರಿ ಉದ್ದ, ತಿರುವು ಕಡಿದು, ಕವಾಟಗಳು ಸೋತರೆ ರಕ್ತ ಕೆಳಗೇ ನಿಲ್ಲುತ್ತದೆ. ಕೈಗೆ ಎರೆಹುಳುಗಳ ಗಂಟು ಸಿಕ್ಕ ಹಾಗಿರುತ್ತದೆ. ಮುಕ್ಕಿದಾಗ ಮಾತ್ರ ಸಿಕ್ಕರೆ 1ನೇ ದರ್ಜೆ, ಮುಕ್ಕದೆಯೂ ಕೈಗೆ ಸಿಕ್ಕರೆ 2, ಕಣ್ಣಿಗೇ ಕಂಡರೆ 3. ಮಲಗಿದರೆ ಇಳಿಯಬೇಕು. ಮಲಗಿದರೂ ಇಳಿಯದಿದ್ದರೆ, ಬಲಗಡೆ ಮಾತ್ರ ಬಂದಿದ್ದರೆ, ಅಥವಾ ವಯಸ್ಸಾದವರಲ್ಲಿ ದಿಢೀರನೆ ಕಾಣಿಸಿಕೊಂಡರೆ ಹೊಟ್ಟೆಯ ಸ್ಕ್ಯಾನ್ ಆಗಲೇಬೇಕು: ಮೂತ್ರಪಿಂಡದ ಗಡ್ಡೆ ಮೇಲಿನಿಂದ ನಾಳವನ್ನು ಅದುಮುತ್ತಿರಬಹುದು.

ವೆರಿಕೋಸೀಲ್ ಇದ್ದವರಿಗೆಲ್ಲ ಆಪರೇಷನ್ ಬೇಡ. ನಿಂತು ದುಡಿದಾಗ ಸಂಜೆಗೆ ಎಳೆದಂತೆ ನೋಯುವುದು, ಮಕ್ಕಳಾಗದೆ ವೀರ್ಯ ಪರೀಕ್ಷೆಯಲ್ಲಿ ಕೊರತೆ ಕಾಣುವುದು, ಬೆಳೆಯುವ ಹುಡುಗನಲ್ಲಿ ಆ ಕಡೆಯ ವೃಷಣ ಇನ್ನೊಂದಕ್ಕಿಂತ 20%ಗೂ ಹೆಚ್ಚು ಸಣ್ಣದಾಗಿ ಉಳಿಯುವುದು: ಇವಿದ್ದರೆ ಮಾತ್ರ. ಸೂಕ್ಷ್ಮದರ್ಶಕ ಇಟ್ಟುಕೊಂಡು ತೊಡೆಸಂದಿನ ಕೆಳಗೆ ಸಣ್ಣ ಕೊಯ್ತದಿಂದ ಮಾಡುವ ವಿಧಾನದಲ್ಲಿ ಮರುಕಳಿಸುವುದು ಕಡಿಮೆ, ಲಸಿಕನಾಳಗಳು (ಲಿಂಫ್ ನಾಳಗಳು) ಉಳಿಯುವುದರಿಂದ ಆಮೇಲೆ ನೀರು ತುಂಬುವುದೂ ಕಡಿಮೆ. ಆದರೆ ಜೋತಿರುವುದು ಎತ್ತರಕ್ಕೆ ಬರಲಿ ಎಂಬ ಆಸೆಯಿಂದ ಯಾರೂ ಕೊಯ್ಸಿಕೊಳ್ಳಬೇಡಿ. ನಾಳ ಕಟ್ಟಿದ ಮೇಲೂ ಮಟ್ಟ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ.

ಹೈಡ್ರೋಸೀಲ್ ಅಂದರೆ ವೃಷಣದ ಸುತ್ತಲಿನ ಪೊರೆಯಲ್ಲಿ ನೀರು ತುಂಬುವುದು. ಕತ್ತಲಲ್ಲಿ ಚೀಲದ ಹಿಂದೆ ಟಾರ್ಚ್ ಹಿಡಿದರೆ ಕೆಂಪಗೆ ಬೆಳಕು ಹಾಯುತ್ತದೆ. ಊತದ ಮೇಲ್ತುದಿಗೆ ಬೆರಳು ಸಿಗುತ್ತದೆ, ಅದರ ಮೇಲೆ ಹುರಿ ಸಾದಾ ಇರುತ್ತದೆ. ಬೆರಳು ಮೇಲೆ ಹಾಯದೆ ಊತ ತೊಡೆಸಂದಿನೊಳಗೇ ಮುಂದುವರಿದಿದ್ದರೆ, ಕೆಮ್ಮಿದಾಗ ಉಬ್ಬಿದರೆ, ಅದು ಹರ್ನಿಯಾ. ಹರ್ನಿಯಾ ಮಲಗಿದಾಗ ಒಳಗೆ ಹೋಗುತ್ತಿದ್ದು ಒಂದು ದಿನ ಹೋಗದೆ ನೋವು, ವಾಂತಿ ಶುರುವಾದರೆ ಕರುಳು ಸಿಕ್ಕಿಕೊಂಡಿದೆ ಎಂದರ್ಥ, ತಡಮಾಡುವಂತಿಲ್ಲ.

ಉತ್ತರ: ಕ್ಯಾಶುವಲ್ಟಿ ರಾತ್ರಿಪಾಳಿ

ನಿಂತ ಕಾಲಲ್ಲೇ ಓಡಬೇಕಾದದ್ದರಲ್ಲಿ ಮೊದಲನೆಯದು ಟಾರ್ಷನ್, ಹುರಿ ತಿರುಚಿಕೊಳ್ಳುವುದು. ಹೆಚ್ಚಾಗಿ ಬರುವುದು 12ರಿಂದ 18ರ ವಯಸ್ಸಿನಲ್ಲಿ, ಅಂದರೆ ಮಾಸ್ತರರ ಮೈದಾನದಲ್ಲಿ ಇರುವವರ ವಯಸ್ಸಿಗೆ ತೀರ ಹತ್ತಿರ. ನಿದ್ದೆಯಲ್ಲೂ ಬರಬಹುದು, ಓಡುವಾಗಲೂ ಬರಬಹುದು.

ಒದ್ದೆ ಬಟ್ಟೆ ಹಿಂಡಿದಾಗ ಗಿಡ್ಡವಾಗುವಂತೆ ತಿರುಚಿದ ಹುರಿ ಗಿಡ್ಡವಾಗುತ್ತದೆ. ಅದಕ್ಕೇ ಆ ಕಡೆಯ ವೃಷಣ ಮೇಲಕ್ಕೇರಿ ಅಡ್ಡಡ್ಡ ಮಲಗುತ್ತದೆ. ಮೊದಲು ರಕ್ತ ಹೊರಗೆ ಹೋಗುವ ನಾಳ ಮುಚ್ಚುತ್ತದೆ, ಊತ ಏರುತ್ತದೆ, ಆಮೇಲೆ ರಕ್ತ ತರುವ ನಾಳವೂ ನಿಲ್ಲುತ್ತದೆ. ನೋವು ಶುರುವಾದ 6 ಗಂಟೆಯೊಳಗೆ ಬಿಡಿಸಿದರೆ 90%ಗೂ ಹೆಚ್ಚು ಸಲ ವೃಷಣ ಉಳಿಯುತ್ತದೆ. 12 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. 24 ದಾಟಿದರೆ ತೆಗೆಯುವುದೇ ಹೆಚ್ಚು.

ಲಕ್ಷಣ: ಇದ್ದಕ್ಕಿದ್ದಂತೆ ಒಂದೇ ಕಡೆ ಜೋರು ನೋವು, ಹೊಟ್ಟೆ ತೊಳಸಿ ವಾಂತಿ, ವೃಷಣ ಏರಿರುವುದು, ಗಟ್ಟಿಯಾಗಿರುವುದು. ಒಳತೊಡೆಯನ್ನು ಮೆಲ್ಲಗೆ ಗೀರಿದರೆ ಆ ಕಡೆಯದು ಮೇಲಕ್ಕೆ ಜಿಗಿಯಬೇಕು, ಟಾರ್ಷನ್‌ನಲ್ಲಿ ಸಾಮಾನ್ಯವಾಗಿ ಅಲುಗುವುದಿಲ್ಲ. ನಾವು ಅಂಕ ಹಾಕುವುದು ಹೀಗೆ: ಊತಕ್ಕೆ 2, ಗಟ್ಟಿತನಕ್ಕೆ 2, ಗೀರಿದಾಗ ಜಿಗಿಯದಿದ್ದರೆ 1, ವಾಂತಿ ಅಥವಾ ಓಕರಿಕೆಗೆ 1, ಏರಿದ್ದರೆ 1. ಒಟ್ಟು 7. ಅಂಕ 5 ಮತ್ತು ಮೇಲಿದ್ದರೆ ಸ್ಕ್ಯಾನಿಂಗ್ ಸರದಿಯಲ್ಲಿ ಕೂರಿಸದೆ ಥಿಯೇಟರ್‌ಗೆ ಕರೆದೊಯ್ಯುವುದೇ ಸರಿ. ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಮಾಡುವವರು ಬೆಳಿಗ್ಗೆ 9ಕ್ಕೆ ಬರುತ್ತಾರೆ ಎಂದು ಕಾಯುವುದರಲ್ಲೇ ಹೋಗುವ ವೃಷಣಗಳಿವೆ.

ಎಡವಟ್ಟಾಗುವ ಜಾಗಗಳನ್ನು ಹೇಳುತ್ತೇನೆ. ಹುಡುಗ ನಾಚಿಕೊಂಡು "ಹೊಟ್ಟೆನೋವು" ಎನ್ನುತ್ತಾನೆ. ನೋವು ನಿಜಕ್ಕೂ ಕೆಳಹೊಟ್ಟೆಗೆ ಹಬ್ಬಿರುತ್ತದೆ, ಹಾಗಾಗಿ ಸುಳ್ಳೂ ಅಲ್ಲ. ಗ್ಯಾಸ್ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಹದಿಹರೆಯದವನ ಹೊಟ್ಟೆನೋವಿಗೆ ಚಡ್ಡಿ ಬಿಚ್ಚಿಸಿ ನೋಡದಿದ್ದರೆ ಪರೀಕ್ಷೆ ಪೂರ್ತಿಯಾದಂತಲ್ಲ. ಎರಡನೆಯದು, ಸೋಂಕು ಎಂದು ಆಂಟಿಬಯೋಟಿಕ್ ಕೊಡುವುದು. ಎಪಿಡಿಡಿಮಿಸ್‌ನ ಸೋಂಕು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ನಿಧಾನವಾಗಿ ಏರುತ್ತದೆ, ಜ್ವರ, ಉರಿಮೂತ್ರ ಇರಬಹುದು, ವೃಷಣ ತನ್ನ ಜಾಗದಲ್ಲೇ ಇರುತ್ತದೆ. ಕೈಯಿಂದ ಎತ್ತಿ ಹಿಡಿದಾಗ ನೋವು ಇಳಿದರೆ ಸೋಂಕೇ ಎಂಬ ಹಳೆಯ ಪರೀಕ್ಷೆಯನ್ನು ನಂಬಬೇಡಿ. ಮೂರನೆಯದು, ಚೆಂಡು ಬಡಿದದ್ದಕ್ಕೆ ನೋವು ಎಂದು ಕಾಯುವುದು. ಏಟಿನ ನೋವು ಗಂಟೆಯೊಳಗೆ ಇಳಿಮುಖ ಆಗಬೇಕು. ಆಗದಿದ್ದರೆ ತಿರುಚಿದೆಯೋ ಒಡೆದಿದೆಯೋ ನೋಡಲೇಬೇಕು.

ಬಂದು ಬಂದು ಹೋಗುವ ನೋವೂ ಇದೆ: ಅರ್ಧ ಗಂಟೆ ಜೋರಾಗಿ ಬಂದು, ವೃಷಣ ಏರಿ, ತಾನೇ ಬಿಟ್ಟುಬಿಡುತ್ತದೆ. ಅದು ತಿರುಚಿ ಬಿಚ್ಚಿಕೊಂಡದ್ದು. ನೋವಿಲ್ಲದಾಗ ತೋರಿಸಿ ಹೊಲಿಗೆ ಹಾಕಿಸಿಕೊಳ್ಳಬೇಕು. ಇದರ ಹಿಂದಿನ ದೋಷ, ವೃಷಣ ಹಿಂಬದಿಗೆ ಅಂಟಿಕೊಳ್ಳದೆ ಪೊರೆಯೊಳಗೆ ಗಂಟೆಯ ನಾಲಗೆಯಂತೆ ನೇತಾಡುವುದು, ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಅದಕ್ಕೇ ಆಪರೇಷನ್‌ನಲ್ಲಿ ಚೆನ್ನಾಗಿರುವ ಕಡೆಯನ್ನೂ ಕರಗದ ದಾರದಿಂದ ಹೊಲಿದು ನಿಲ್ಲಿಸುತ್ತಾರೆ. "ಇನ್ನೊಂದನ್ನು ಯಾಕೆ ಮುಟ್ಟಿದ್ರಿ" ಎಂದು ಮನೆಯವರು ಜಗಳಕ್ಕೆ ನಿಲ್ಲುವುದು ಇದಕ್ಕೇ.

ಹೊರಡುವಾಗ ಏನೂ ತಿನ್ನಿಸಬೇಡಿ, ಕುಡಿಸಬೇಡಿ, ಅನಸ್ತೇಷಿಯಾ ಬೇಕಾಗುತ್ತದೆ. ನೋವು ಶುರುವಾದ ಗಂಟೆಯನ್ನು ಚೀಟಿಯಲ್ಲಿ ಬರೆದು ಕಳಿಸಿ. ಯೂರಾಲಜಿಸ್ಟೇ ಬೇಕೆಂದು ದೂರದ ಊರು ಹುಡುಕಬೇಡಿ. ಥಿಯೇಟರ್ ಮತ್ತು ಅನಸ್ತೇಷಿಯಾ ಇರುವ ಹತ್ತಿರದ ಆಸ್ಪತ್ರೆಯ ಜನರಲ್ ಸರ್ಜನ್ ಇದನ್ನು ಮಾಡುತ್ತಾರೆ. ವಾಹನ ಇಲ್ಲದಿದ್ದರೆ 108. ಡಾಕ್ಟರು ಕೈಯಿಂದ ಪುಸ್ತಕ ಬಿಚ್ಚುವ ದಿಕ್ಕಿಗೆ, ಅಂದರೆ ಒಳಗಿನಿಂದ ಹೊರಕ್ಕೆ ತಿರುಗಿಸಿ ನೋಡುವುದುಂಟು. ಆದರೆ ಕೆಲವರಲ್ಲಿ ತಿರುಚು ಉಲ್ಟಾ ಇರುತ್ತದೆ, ಮೈದಾನದಲ್ಲಿ ಯಾರೂ ಪ್ರಯತ್ನಿಸಬೇಡಿ. ಕೈಯಿಂದ ಬಿಟ್ಟರೂ ಆಪರೇಷನ್ ತಪ್ಪುವುದಿಲ್ಲ.

ಉತ್ತರ: ಮಕ್ಕಳ ಸರ್ಜರಿ

ಏರಿ ಕೂತು ಇಳಿಯುವ ಹುಡುಗನ ಪ್ರಶ್ನೆ ನನ್ನ ಕಡೆಗೆ ಬರುವಂಥದ್ದು. ಇದರಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ.

ಮೊದಲನೆಯದು ಇಳಿಯದ ವೃಷಣ. ವೃಷಣ ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಗರ್ಭದ ಸುಮಾರು 15ನೇ ವಾರಕ್ಕೆ ತೊಡೆಸಂದಿನ ಒಳಬಾಗಿಲಿಗೆ ಬಂದಿರುತ್ತದೆ. 25ರಿಂದ 35ನೇ ವಾರದ ನಡುವೆ ಚೀಲಕ್ಕೆ ಇಳಿಯುತ್ತದೆ. ಹಾಗಾಗಿ ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಇಳಿಯದೇ ಇರುವುದು ಜಾಸ್ತಿ, ಸುಮಾರು 30%. ದಿನ ತುಂಬಿದವರಲ್ಲಿ 2ರಿಂದ 4%. ಮೊದಲ ಆರು ತಿಂಗಳಲ್ಲಿ ಬಹಳಷ್ಟು ತಾವೇ ಇಳಿಯುತ್ತವೆ. ಆರು ತಿಂಗಳಾದ ಮೇಲೆ ಇಳಿಯುವ ಆಸೆ ಬಿಡಬೇಕು. ದಿನ ತುಂಬದೆ ಹುಟ್ಟಿದ್ದರೆ ಈ ಲೆಕ್ಕವನ್ನು ಹುಟ್ಟಬೇಕಿದ್ದ ತಾರೀಖಿನಿಂದ ಹಿಡಿಯಬೇಕು. ಆಪರೇಷನ್ ವಯಸ್ಸು 6ರಿಂದ 18 ತಿಂಗಳು. "ದೊಡ್ಡವನಾದ ಮೇಲೆ ತಾನೇ ಇಳಿಯುತ್ತೆ" ಎನ್ನುವ ಅಜ್ಜಿಯ ಸಲಹೆಗೆ ಬೆಲೆ ಕೊಟ್ಟು ಐದಾರು ವರ್ಷ ಕಳೆದರೆ, ಅಷ್ಟರಲ್ಲಿ ಬಿಸಿಗೆ ವೀರ್ಯಾಣುಗಳ ಮೂಲಕೋಶಗಳು ಕಡಿಮೆಯಾಗಿರುತ್ತವೆ. ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಇಳಿಸುವ ಪದ್ಧತಿಯನ್ನು ಈಗಿನ ಮಾರ್ಗಸೂಚಿಗಳು ಶಿಫಾರಸು ಮಾಡುವುದಿಲ್ಲ. ತೋರಿಸುವ ಮೊದಲು ಸ್ಕ್ಯಾನ್ ಮಾಡಿಸುವುದೂ ದುಡ್ಡು ದಂಡ: ಕೈಗೆ ಸಿಕ್ಕರೆ ಸ್ಕ್ಯಾನ್ ಬೇಡ, ಕೈಗೆ ಸಿಗದಿದ್ದರೆ ಸ್ಕ್ಯಾನ್ ಕೂಡ ನಂಬಿಕೆಗೆ ಸಾಲದು, ಲ್ಯಾಪರೋಸ್ಕೋಪಿಯೇ ಬೇಕು. ಹಸುಗೂಸಿನಲ್ಲಿ ಎರಡೂ ಕಡೆ ಸಿಗದಿದ್ದರೆ ಮಾತ್ರ ಡಿಸ್ಚಾರ್ಜ್ ಆಗುವ ಮೊದಲೇ ಹಾರ್ಮೋನ್ ಪರೀಕ್ಷೆ ಆಗಬೇಕು. ಅಡ್ರಿನಲ್ ಗ್ರಂಥಿಯ ಹುಟ್ಟುದೋಷವಿರುವ ಹೆಣ್ಣುಮಗುವೂ ಹೊರಗಿನಿಂದ ಹಾಗೆ ಕಾಣಬಹುದು, ಉಪ್ಪಿನಂಶ ಕಡಿಮೆಯಾಗಿ ಜೀವಕ್ಕೆ ಅಪಾಯ.

ಎರಡನೆಯದು ಹಿಂಜರಿಯುವ ವೃಷಣ. ಇಳಿದಿದೆ, ಆದರೆ ಕ್ರೆಮಾಸ್ಟರ್ ಚುರುಕಾಗಿದ್ದು ಮೇಲೆಳೆದುಕೊಳ್ಳುತ್ತದೆ. ಪರೀಕ್ಷೆ ಸುಲಭ: ಕೈ ಬೆಚ್ಚಗೆ ಮಾಡಿಕೊಂಡು, ಹುಡುಗನನ್ನು ಚಕ್ಕಳಮಕ್ಕಳ ಕೂರಿಸಿ, ತೊಡೆಸಂದಿನಿಂದ ಮೆಲ್ಲಗೆ ಕೆಳಕ್ಕೆ ಸವರಿ ಚೀಲಕ್ಕೆ ತಂದು ಒಂದು ನಿಮಿಷ ಹಿಡಿಯಬೇಕು. ಸ್ನಾಯು ದಣಿಯುತ್ತದೆ. ಬಿಟ್ಟ ಮೇಲೂ ಅಲ್ಲೇ ನಿಂತರೆ ಹಿಂಜರಿಯುವ ವೃಷಣ. ಬಿಟ್ಟ ಕೂಡಲೇ ಎಳೆದುಕೊಂಡು ಮೇಲೆ ಹೋದರೆ ಅದು ಇಳಿಯದ ವೃಷಣವೇ, ಕೈಗೆ ಸಿಕ್ಕಿತೆಂದು ಸಮಾಧಾನ ಪಡಬಾರದು. ಹಿಂಜರಿಯುವುದಕ್ಕೆ ಆಪರೇಷನ್ ಬೇಡ, ವರ್ಷಕ್ಕೊಮ್ಮೆ ನೋಡಬೇಕು.

ವರ್ಷವರ್ಷ ನೋಡುವುದು ಮೂರನೆಯದಕ್ಕಾಗಿ. ಚಿಕ್ಕಂದಿನಲ್ಲಿ ಚೀಲದಲ್ಲೇ ಇದ್ದದ್ದು ಶಾಲೆಯ ವಯಸ್ಸಿನಲ್ಲಿ ಮೇಲೇರಿ ಅಲ್ಲೇ ಉಳಿದುಬಿಡುತ್ತದೆ. ಮೈ ಉದ್ದವಾದಷ್ಟು ಹುರಿ ಉದ್ದವಾಗಿರುವುದಿಲ್ಲ. ಮಗುವಾಗಿದ್ದಾಗ "ಸರಿಯಿದೆ" ಎಂದು ಬರೆದ ಕಾರ್ಡ್ ಇದ್ದರೂ ಇದು ಆಗುತ್ತದೆ. ಹರ್ನಿಯಾ ಆಪರೇಷನ್ ಆದವರಲ್ಲಿ ಗಾಯದ ಕಲೆಗೆ ಹುರಿ ಅಂಟಿಕೊಂಡು ವೃಷಣ ಮೇಲೆ ಸಿಕ್ಕಿಕೊಳ್ಳುವುದೂ ಉಂಟು. ಎರಡಕ್ಕೂ ಇಳಿಸಿ ಹೊಲಿಯುವುದೇ ದಾರಿ.

ಈಗ ಮಾಸ್ತರರ ಹುಡುಗ. ಹಿಂಜರಿಯುವ ವೃಷಣ 5-6ರ ವಯಸ್ಸಿನಲ್ಲಿ ಮಾಮೂಲು. ಹರೆಯಕ್ಕೆ ಬಂದ ಮೇಲೆ ವೃಷಣ ಭಾರವಾಗಿ ಅದು ಕಡಿಮೆಯಾಗುತ್ತದೆ. 18ರಲ್ಲೂ ತೊಡೆಸಂದಿಗೇ ಏರುತ್ತಿದೆ ಎಂದರೆ ಒಮ್ಮೆ ತೋರಿಸಲಿ, ಗಾಬರಿ ಬೇಡ. ಏರಿದಾಗ ನೋವಾಗುತ್ತಿದ್ದರೆ ಮೇಲಿನ ಉತ್ತರದ ಬಂದುಹೋಗುವ ತಿರುಚು ನೆನಪಿಡಿ. ಒಂದು ಕಡೆ ಚೀಲ ಚಪ್ಪಟೆ, ಖಾಲಿ, ಬೆಳೆದೇ ಇಲ್ಲ ಎನ್ನುವಂತಿದ್ದರೆ ಹುಟ್ಟಿನಿಂದಲೇ ಇಳಿದಿಲ್ಲ ಎಂದರ್ಥ. ಅಂಥವನಿಗೆ ಕ್ಯಾನ್ಸರ್ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಸ್ವೀಡನ್‌ನಲ್ಲಿ ಇಳಿಸಿ ಹೊಲಿಸಿಕೊಂಡ ಸುಮಾರು 17,000 ಗಂಡಸರ ದಾಖಲೆ ನೋಡಿ 2007ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 13 ವರ್ಷದೊಳಗೆ ಮಾಡಿಸಿಕೊಂಡವರಿಗೆ ಸಾಮಾನ್ಯರ 2.2 ಪಟ್ಟು, 13 ದಾಟಿದವರಿಗೆ 5.4 ಪಟ್ಟು ಇತ್ತು. ಮೂಲದಲ್ಲಿ ಈ ಕ್ಯಾನ್ಸರ್ ಅಪರೂಪದ್ದಾದ್ದರಿಂದ ಪಟ್ಟು ಕೇಳಿ ಕಂಗಾಲಾಗಬೇಕಿಲ್ಲ, ತಿಂಗಳಿಗೊಮ್ಮೆ ಮುಟ್ಟಿ ನೋಡಿಕೊಳ್ಳುವ ರೂಢಿ ಬೇಕು. ಈ ವಯಸ್ಸಿನಲ್ಲಿ ಇಳಿಸುವುದೋ ತೆಗೆಯುವುದೋ ಎನ್ನುವುದು ಅದರ ಗಾತ್ರ ಮತ್ತು ಇನ್ನೊಂದರ ಆರೋಗ್ಯ ನೋಡಿ ತೀರ್ಮಾನವಾಗುತ್ತದೆ.

ಮರುಪ್ರಶ್ನೆ: ಮೈದಾನದ ಮಾಸ್ತರ

ಬಹಳ ಉಪಕಾರವಾಯಿತು. ಇನ್ನೆರಡು. ಕೆಲವರು ತಾವೇ ಸ್ಕ್ಯಾನ್ ಮಾಡಿಸಿಕೊಂಡು ರಿಪೋರ್ಟ್ ತಂದು "ಎರಡರ ವಾಲ್ಯೂಮ್ ಬೇರೆ ಬೇರೆ ಇದೆ, ಏನೋ ಸಿಸ್ಟ್ ಇದೆ" ಎಂದು ತೋರಿಸುತ್ತಾರೆ. ಮತ್ತೆ ಲಂಗೋಟಿ ಬಿಗಿಯಾಗಿ ಕಟ್ಟಿದರೆ ಮಟ್ಟ ಸರಿಯಾಗುತ್ತದೆ ಎಂಬ ನಂಬಿಕೆ ಗರಡಿ ಹುಡುಗರಲ್ಲಿ ಗಟ್ಟಿಯಾಗಿದೆ.

ಉತ್ತರ: ಸ್ಕ್ಯಾನಿಂಗ್ ರೂಮ್

ವಾಲ್ಯೂಮ್ ಸಂಖ್ಯೆಯನ್ನು ಸೂತ್ರ ನೋಡದೆ ಓದಬೇಡಿ. ಉದ್ದ, ಅಗಲ, ದಪ್ಪ ಗುಣಿಸಿ ಕೊನೆಗೆ ಒಂದು ಗುಣಾಂಕ ಹಾಕುತ್ತಾರೆ, ಕೆಲವರು 0.71, ಮಷೀನ್‌ನಲ್ಲಿ ತಾನಾಗಿ ಬರುವುದು ಹೆಚ್ಚಾಗಿ 0.52. ಒಂದೇ ವೃಷಣ, 4.5 × 3 × 2.2 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮೊದಲ ಗುಣಾಂಕದಲ್ಲಿ 21 ಮಿಲಿಲೀಟರ್, ಎರಡನೆಯದರಲ್ಲಿ 15.4. ಆರು ತಿಂಗಳ ಹಿಂದೆ ಒಂದು ಸೆಂಟರ್, ಈಗ ಇನ್ನೊಂದು ಸೆಂಟರ್, "ಸಣ್ಣದಾಗುತ್ತಿದೆ" ಎಂದು ಅಳುತ್ತ ಬರುವವರ ಸಮಸ್ಯೆ ಬಹುತೇಕ ಇದೇ. ಹೋಲಿಸುವುದಾದರೆ ಅದೇ ಸೆಂಟರ್, ಅದೇ ಸೂತ್ರ. ಎರಡು ಕಡೆಗೆ ಒಂದೆರಡು ಮಿಲಿಲೀಟರ್ ವ್ಯತ್ಯಾಸ ದೊಡ್ಡವರಲ್ಲಿ ಲೆಕ್ಕಕ್ಕಿಲ್ಲ.

ಎಪಿಡಿಡಿಮಿಸ್‌ನ ಸಣ್ಣ ಸಿಸ್ಟ್ ನೀರಿನ ಗುಳ್ಳೆ, ನೋವಿಲ್ಲದಿದ್ದರೆ ಹಾಗೇ ಬಿಡುವುದು. 'ಮೈಕ್ರೋಲಿಥಿಯಾಸಿಸ್' ಎಂದು ಬರೆದಿದ್ದರೆ ಸಣ್ಣ ಸುಣ್ಣದ ಕಣಗಳು. ಬೇರೆ ಅಪಾಯದ ಅಂಶ ಇಲ್ಲದಿದ್ದರೆ ತಾವೇ ಮುಟ್ಟಿ ನೋಡಿಕೊಂಡರೆ ಸಾಕು. ಇಳಿಯದ ವೃಷಣದ ಇತಿಹಾಸ ಜೊತೆಗಿದ್ದರೆ ಯೂರಾಲಜಿಸ್ಟ್‌ಗೆ ತೋರಿಸಬೇಕು. ವೆರಿಕೋಸೀಲ್ ಸ್ಕ್ಯಾನ್ ಮಲಗಿಸಿ ಮಾತ್ರ ಮಾಡಿದ್ದರೆ ಆ ರಿಪೋರ್ಟ್ ಅರ್ಧ. ನಿಲ್ಲಿಸಿ, ಮುಕ್ಕಿಸಿ, ನಾಳ 3 ಮಿಲಿಮೀಟರ್ ದಾಟಿದೆಯೇ, ರಕ್ತ ಹಿಂದಕ್ಕೆ ಹರಿಯುತ್ತಿದೆಯೇ ಎಂದು ಬರೆದಿರಬೇಕು. ಇನ್ನು ಟಾರ್ಷನ್ ಬಗ್ಗೆ: ಅರ್ಧ ತಿರುಚಿದ್ದರೆ ಡಾಪ್ಲರ್‌ನಲ್ಲಿ ರಕ್ತ ಹರಿಯುವುದು ಕಾಣಬಹುದು. ಆಗ ವೃಷಣವನ್ನಷ್ಟೇ ಅಲ್ಲ, ಹುರಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಸುಳಿ ಸುತ್ತಿದೆಯೇ ಹುಡುಕಬೇಕು. "ಫ್ಲೋ ಇದೆ" ಎಂಬ ಒಂದು ಸಾಲಿಗೆ ಹುಡುಗನನ್ನು ಮನೆಗೆ ಕಳಿಸಬೇಡಿ.

ರಿಪೋರ್ಟ್‌ನಲ್ಲಿ ನಿಜಕ್ಕೂ ಎಚ್ಚರ ಬೇಕಾದ ಸಾಲು ವೃಷಣದ ಒಳಗೇ ಇರುವ ಕಪ್ಪು ಗಡ್ಡೆ. 15ರಿಂದ 35ರ ವಯಸ್ಸಿನಲ್ಲಿ ನೋವಿಲ್ಲದೆ ಬೆಳೆದು, ಭಾರಕ್ಕೆ ಆ ಕಡೆ ಇಳಿದಂತೆ ಅನ್ನಿಸಬಹುದು. ರಕ್ತದಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ಕ್ಯಾನ್ಸರ್ ಸುಳಿವಿನ ಅಂಶಗಳನ್ನು ನೋಡುತ್ತಾರೆ. ಚೀಲದ ಮೂಲಕ ಸೂಜಿ ಹಾಕಿ ತುಣುಕು ತೆಗೆಯಲು ಯಾರಾದರೂ ಹೊರಟರೆ ಬೇಡ ಎನ್ನಿ. ಕ್ಯಾನ್ಸರ್ ಕೋಶ ಚರ್ಮಕ್ಕೆ, ಬೇರೆ ಲಸಿಕಗ್ರಂಥಿಗಳಿಗೆ ಹರಡುವ ದಾರಿ ಅದು. ತೊಡೆಸಂದಿನ ಕೊಯ್ತದಿಂದ ವೃಷಣವನ್ನು ಹುರಿಸಮೇತ ತೆಗೆಯುವುದೇ ಕ್ರಮ. ಬೇಗ ಸಿಕ್ಕರೆ ಬಹುತೇಕ ಎಲ್ಲರೂ ಗುಣವಾಗುವ ಕ್ಯಾನ್ಸರ್ ಇದು.

ಉತ್ತರ: ಲ್ಯಾಬ್ ಕೆಲಸ, ಕಲಬುರಗಿ ಕಡೆ

ನಮ್ಮ ಕಡೆಯ ಹುಡುಗರಿಗೆ ಒಂದು ಸೇರಿಸುತ್ತೇನೆ. ಕಲಬುರಗಿ, ಬೀದರ, ಯಾದಗಿರಿ ಮತ್ತು ಕರಾವಳಿ ಜಿಲ್ಲೆಗಳಲ್ಲಿ ಆನೆಕಾಲು ರೋಗ ಇದ್ದದ್ದೇ. ಗಂಡಸರಲ್ಲಿ ಅದು ಕಾಲಿಗಿಂತ ಮೊದಲು ಹೈಡ್ರೋಸೀಲ್ ಆಗಿಯೇ ಕಾಣಿಸಿಕೊಳ್ಳಬಹುದು. ಒಂದು ಕಡೆ ನಿಧಾನವಾಗಿ ಊದಿ ಕೆಳಗಿಳಿಯುತ್ತದೆ. ರಕ್ತ ಪರೀಕ್ಷೆಗೆ ಹಗಲು ಬರಬೇಡಿ, ಈ ರೋಗ ತರುವ ಹುಳುವಿನ ಮರಿಗಳು ಚರ್ಮದ ಹತ್ತಿರದ ರಕ್ತನಾಳಗಳಿಗೆ ಬರುವುದು ರಾತ್ರಿ, 10ರ ಆಚೀಚೆ ತೆಗೆದ ರಕ್ತದಲ್ಲೇ ಸಿಗುತ್ತವೆ. ಡಿಇಸಿ ಮಾತ್ರೆ, ಮೈತೂಕದ ಕಿಲೋಗೆ 6 ಮಿಲಿಗ್ರಾಂ ಲೆಕ್ಕದಲ್ಲಿ 12 ದಿನ, ಹುಳುವಿನ ಮರಿಗಳನ್ನು ಕೊಲ್ಲುತ್ತದೆ. ಆಗಲೇ ತುಂಬಿದ ನೀರನ್ನು ಅದು ಇಳಿಸುವುದಿಲ್ಲ. ಸೂಜಿಯಿಂದ ನೀರು ತೆಗೆಸಿದರೆ ಮತ್ತೆ ತುಂಬುತ್ತದೆ, ಸೋಂಕಾಗುವ ಭಯವೂ ಇದೆ. ಆಪರೇಷನ್ನೇ ಪರಿಹಾರ.

ಮಂಗನಬಾವು ಬಂದವರನ್ನೂ ಕೇಳಿ. ಹರೆಯ ಬಂದ ಮೇಲೆ ಬಂದಿದ್ದರೆ ಕೆಲವರಲ್ಲಿ ವೃಷಣವೂ ಊದಿ, ತಿಂಗಳುಗಳ ನಂತರ ಆ ಕಡೆಯದು ಸಣ್ಣದಾಗಿ ಉಳಿಯಬಹುದು. ಸರ್ಕಾರಿ ಲಸಿಕೆ ಎಂಆರ್‌ನಲ್ಲಿ ದಡಾರ, ರುಬೆಲ್ಲಾ ಮಾತ್ರ ಇವೆ, ಮಂಗನಬಾವು ಇಲ್ಲ.

ಉತ್ತರ: ಯೂರಾಲಜಿ ಒಪಿಡಿ

ಲಂಗೋಟಿ ಮಟ್ಟವನ್ನು ಬದಲಿಸುವುದಿಲ್ಲ, ಬಿಚ್ಚಿದ ಕೂಡಲೇ ಹುರಿ ತನ್ನ ಉದ್ದಕ್ಕೆ ಇಳಿಯುತ್ತದೆ. ಓಡುವಾಗ ಆಧಾರ ಬೇಕೇ ಬೇಕು, ವೆರಿಕೋಸೀಲ್ ಇದ್ದವರಿಗೆ ಎಳೆತದ ನೋವೂ ಕಡಿಮೆಯಾಗುತ್ತದೆ. ಆದರೆ ಎರಡು ಬೆರಳು ತೂರದಷ್ಟು ಬಿಗಿದು ದಿನವಿಡೀ ಬೆವರಲ್ಲಿ ಬಿಟ್ಟರೆ ತೊಡೆಸಂದಿಗೆ ಗಜಕರ್ಣ ಹತ್ತುತ್ತದೆ, ಭರ್ತಿಯಲ್ಲಿ ಅದಕ್ಕೂ ನಿಲ್ಲಿಸುತ್ತಾರೆ. ಓಟ ಮುಗಿದ ಮೇಲೆ ಬದಲಿಸಿ, ಒಗೆದು ಬಿಸಿಲಿಗೆ ಹಾಕಲಿ.

ಭರ್ತಿಗೆ ಹೋಗುವವರು ಈ ತಪಾಸಣೆಯನ್ನು ನಾಲ್ಕೈದು ತಿಂಗಳ ಮೊದಲೇ ಮಾಡಿಸಿಕೊಳ್ಳಲಿ. ಹೈಡ್ರೋಸೀಲ್ ಅಥವಾ ಹರ್ನಿಯಾ ಆಪರೇಷನ್ ಆದ ಮೇಲೆ 4ರಿಂದ 6 ವಾರ ಓಟ, ಭಾರ ಎತ್ತುವುದು ನಿಲ್ಲಬೇಕು, ಚೀಲದ ಊತ ಪೂರ್ತಿ ಇಳಿಯಲು ಇನ್ನೂ ಸಮಯ ಹಿಡಿಯುತ್ತದೆ. ತಾರೀಖು ಮುಂದಿಟ್ಟುಕೊಂಡು ಅವಸರದಲ್ಲಿ ಕೊಯ್ಸಿಕೊಂಡು ಹೊಲಿಗೆ ಹಸಿಯಿರುವಾಗಲೇ ಮೈದಾನಕ್ಕಿಳಿದವರಲ್ಲಿ ರಕ್ತ ಕಟ್ಟಿ ಮೊದಲಿಗಿಂತ ದೊಡ್ಡ ಊತವಾಗುತ್ತದೆ. ಆಪರೇಷನ್ ಆದವರು ಡಿಸ್ಚಾರ್ಜ್ ಕಾರ್ಡ್ ಮತ್ತು ಆಮೇಲಿನ ಸ್ಕ್ಯಾನ್ ರಿಪೋರ್ಟ್ ಎರಡನ್ನೂ ಜೊತೆಗಿಟ್ಟುಕೊಂಡು ಹೋಗಲಿ, ಗಾಯದ ಗುರುತು ಹೇಗೂ ಕಾಣುತ್ತದೆ. ಚಳಿಯಲ್ಲಿ ಏರುವ ಹುಡುಗ ಪರೀಕ್ಷೆಯ ಕೋಣೆಯಲ್ಲಿ ಬಾಯಿಬಿಟ್ಟು ಹೇಳಲಿ: "ತಣ್ಣಗಿದ್ದರೆ ಮೇಲೆ ಹೋಗುತ್ತದೆ ಸರ್, ಕುಕ್ಕರಗಾಲಲ್ಲಿ ಕೂರಿಸಿ ನೋಡಿ." ಮೆಡಿಕಲ್ ಆಫೀಸರ್‌ಗೆ ಅಷ್ಟು ಸಾಕು.